ಕ್ಯಾಸೆಟ್ ಕವರ್ ಎಸೀಬೇಡಿ

ಇದು ಸ್ವಲ್ಪ ಉದ್ದದ ಬರಹ. ಬಸ್ಸಲ್ಲಿ ಹೋಗ್ತಾ ಓದಿ, ಇಲ್ಲಾಂದ್ರೆ ರಾತ್ರಿ ಊಟ ಆದ್ಮೇಲೆ ಓದಿ. ಅರ್ಧ ಓದಿ ಕಾಮೆಂಟ್ ಹಾಕ್ಬೇಡಿ ಅಷ್ಟೇ.

ಈ ಸಲ ಏಪ್ರಿಲ್ 14ರ ಸಂಜೆ ದಾವಣಗೆರೆಯ ಒಂದು ಬಡಾವಣೆಯಲ್ಲಿ ಬಾಬಾಸಾಹೇಬರ ಜಯಂತಿ ಇತ್ತು. ಪಿಯುಸಿ ಓದೋ ಹುಡುಗನೊಬ್ಬ ಹೋರಾಟದ ಹಾಡೊಂದನ್ನು ಹಾಡಿದ. ಕಂಠ ಅಂದ್ರೆ ಕಂಠ. ಹಿಂದಿನ ಸಾಲಲ್ಲಿ ಕೂತಿದ್ದ ಹಳಬರೆಲ್ಲ ತಾವಾಗೇ ದನಿಗೂಡಿಸಿದ್ರು. ಹಾಡು ಮುಗಿದ ಮೇಲೆ ನಿರೂಪಕರು ಮೈಕ್ ತಗೊಂಡು ‘ಇದುವರೆಗೆ ತಾವೆಲ್ಲ ಒಂದು ಸೊಗಸಾದ ಜನಪದ ಗೀತೆ ಕೇಳಿದ್ರಿ’ ಅಂದ್ರು. ಆ ಹಾಡು ಬರೆದವರು ಸಿದ್ಧಲಿಂಗಯ್ಯನವರು. 1975ರಲ್ಲಿ ‘ಹೊಲೆ ಮಾದಿಗರ ಹಾಡು’ ತಂದ ಕವಿ. 2021ರ ಜೂನ್ 11ರಂದು ಕೊರೊನಾದಿಂದ ತೀರಿಕೊಂಡರು. ನಮ್ಮಲ್ಲಿ ಎಷ್ಟೋ ಜನ ಅವರ ಜೊತೆ ಕೂತು ಚಹಾ ಕುಡಿದಿದ್ದೀವಿ. ಹೋಗಿ ಕೆಲವೇ ವರ್ಷಕ್ಕೆ ಅವರು ‘ಜನಪದ’ ಆಗಿಬಿಟ್ರಾ?

ಹುಡುಗನನ್ನು ಪಕ್ಕಕ್ಕೆ ಕರೆದು ಕೇಳಿದೆ, ಯಾರ ಹಾಡಪ್ಪ ಇದು ಅಂತ. ಪಾಪ, ಮೊಬೈಲ್ ತೆಗೆದು ತೋರಿಸಿದ. ಅವನು ಕಲಿತ ವಿಡಿಯೋ ಕೆಳಗೆ ‘ಸಾಹಿತ್ಯ: ಜಾನಪದ’ ಅಂತಲೇ ಇತ್ತು. ಯಾವುದೋ ಚಾನೆಲ್‌ನವರ ಹೆಸರು ದೊಡ್ಡದಾಗಿತ್ತು, ಅವರ ಲೋಗೋ ಮೂಲೆಯಲ್ಲಿ ತಿರುಗ್ತಿತ್ತು, ಸಬ್‌ಸ್ಕ್ರೈಬ್ ಮಾಡಿ ಅಂತ ಗಂಟೆ ಅಲ್ಲಾಡ್ತಿತ್ತು. ಬರೆದವರ ಹೆಸರಿಲ್ಲ, ಹಾಡಿದವರ ಹೆಸರಿಲ್ಲ, ಹಲಗೆ ಬಡಿದವರ ಹೆಸರಂತೂ ಕೇಳಲೇಬೇಡಿ. ತಪ್ಪು ಹುಡುಗನದಲ್ಲ. ಅವನ ಕೈಗೆ ಹಾಡು ಬಂದಿದ್ದೇ ಬರಿಮೈಯಲ್ಲಿ.

ನನ್ನ ವಯಸ್ಸಿನವರ ಕೈಗೆ ಹಾಡು ಬರ್ತಿದ್ದದ್ದು ಹಾಗಲ್ಲ. ಪ್ಲಾಸ್ಟಿಕ್ ಡಬ್ಬಿಯೊಳಗೆ ಮಡಚಿಟ್ಟ ಒಂದು ಕಾಗದದ ಜೊತೆ ಬರ್ತಿತ್ತು. ಕ್ಯಾಸೆಟ್ ಕವರ್ ಅಂತಿದ್ವಿ. ಪತ್ರಿಕೆಯವರು ಕ್ಯಾಸೆಟ್ಟಿಗೆ ‘ಧ್ವನಿಸುರುಳಿ’ ಅಂತ ಚಂದದ ಹೆಸರು ಕೊಟ್ಟಿದ್ರು, ಆದರೆ ಆ ಕಾಗದಕ್ಕೆ ಯಾರೂ ಹೆಸರಿಡಲಿಲ್ಲ. ಮುಂದೆ ಫೋಟೋ, ಬೆನ್ನಿಗೆ ಹೆಸರು, ಒಳಗೆ ಎ ಬದಿ ಐದು ಹಾಡು, ಬಿ ಬದಿ ಐದು ಹಾಡು, ಸಾಹಿತ್ಯ, ಸಂಗೀತ, ಗಾಯನ, ಬೆಲೆ, ವಿಳಾಸ. ಹಾಡು ಕೇಳ್ತಾ ಕೇಳ್ತಾ ಅದನ್ನು ಬಿಚ್ಚಿ ಓದೋದು, ಮತ್ತೆ ಅದೇ ಮಡಿಕೆಗೆ ಮಡಚೋದು. ನಾನು ಕನ್ನಡ ಸರಾಗವಾಗಿ ಓದೋಕೆ ಕಲಿತದ್ದು ಅರ್ಧ ಶಾಲೆಯಲ್ಲಿ, ಅರ್ಧ ಆ ಕವರ್‌ಗಳಲ್ಲಿ.

ಆ ಕಾಗದ ಬರೀ ಪ್ಯಾಕಿಂಗ್ ಆಗಿರಲಿಲ್ಲ, ನಮ್ಮಂಥವರ ಇತಿಹಾಸಕ್ಕೆ ಅದು ದಾಖಲೆ ಅಂತ ನನಗೆ ಅರ್ಥ ಆಗಿದ್ದು ತೀರಾ ಇತ್ತೀಚೆಗೆ. ಅದೂ ನಮ್ಮ ದೊಡ್ಡಪ್ಪನ ಒಂದು ಅರ್ಜಿ ಹಿಡ್ಕೊಂಡು ಓಡಾಡಿದ ಮೇಲೆ. ದೊಡ್ಡಪ್ಪನ ವಿಷಯಕ್ಕೆ ಆಮೇಲೆ ಬರ್ತೀನಿ. ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ.

1902ರ ನವೆಂಬರ್. ಕಲ್ಕತ್ತಾದ ಹೋಟೆಲ್ ಒಂದರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಅನ್ನೋ ತಂತ್ರಜ್ಞ ಹಾಡುಗಾರರನ್ನು ಕರೆಸಿ ಧ್ವನಿಮುದ್ರಣ ಮಾಡ್ತಿದ್ದ. ಅಲ್ಲಿಗೆ ಬಂದವರು ಗೌಹರ್ ಜಾನ್. ತವಾಯಫ್. ‘ಮರ್ಯಾದಸ್ಥರ’ ಮನೆಯೊಳಗೆ ಜಾಗ ಇಲ್ಲದ, ಆದರೆ ಅದೇ ಮರ್ಯಾದಸ್ಥರು ರಾತ್ರಿಯೆಲ್ಲಾ ಕೂತು ಹಾಡು ಕೇಳ್ತಿದ್ದ ಹೆಣ್ಣುಮಗಳು. ಆಗ ಒಂದು ಬದಿಗೆ ಹಿಡೀತಿದ್ದದ್ದು ಮೂರು ನಿಮಿಷದ ಹಾಡು. ಅದರ ಕೊನೆಗೆ ಆಕೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳ್ತಿದ್ದಳು. ಜಂಬ ಅಂತ ಕೆಲವರು ತಿಳ್ಕೊಂಡಿದ್ದಾರೆ. ಜಂಬ ಅಲ್ಲ. ಆ ಮುದ್ರಣ ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಅಲ್ಲಿ ಪ್ಲೇಟಾಗಿ ಬರಬೇಕಿತ್ತು. ಅಲ್ಲಿಯ ಕೆಲಸಗಾರರಿಗೆ ಭಾಷೆ ಬರಲ್ಲ. ಯಾವ ಪ್ಲೇಟಿಗೆ ಯಾರ ಹೆಸರಿನ ಚೀಟಿ ಅಂಟಿಸಬೇಕು ಅಂತ ಗೊತ್ತಾಗಲಿ ಅಂತ ಹಾಡಿನ ಬಾಲಕ್ಕೇ ಹೆಸರು ಕಟ್ಟಿ ಕಳಿಸ್ತಿದ್ರು. ಹೆಸರು ಚೀಟಿಗೆ ಬಂತು, ಚೀಟಿಯಿಂದ ಮನೆಮನೆಗೆ ಹೋಯ್ತು. ಆಕೆ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ, ಅರಮನೆಯ ಆಶ್ರಯದಲ್ಲಿ. 1930ರ ಜನವರಿ 17ರಂದು ಅಲ್ಲೇ ತೀರಿಕೊಂಡರು. ಕೈಯಲ್ಲಿ ಕಾಸಿರಲಿಲ್ಲ, ಸುತ್ತ ತನ್ನವರಿರಲಿಲ್ಲ. ಪ್ಲೇಟಿನ ನಡುವಿನ ಆ ದುಂಡು ಚೀಟಿಯಲ್ಲಿ ಹೆಸರು ಮಾತ್ರ ಹಾಗೇ ಉಳೀತು.

ಹೆಸರನ್ನು ಹಾಡಿನೊಳಗೇ ಕಟ್ಟೋದು ನಮಗೇನು ಹೊಸದಲ್ಲ. ವಚನಕಾರರ ಅಂಕಿತ ಅಂದ್ರೆ ಅದೇ ತಾನೇ. ಶರೀಫರ ಹಾಡಿನ ಕೊನೆಗೆ ಶಿಶುನಾಳ ಬಂದೇ ಬರುತ್ತೆ. ಮಹಾರಾಷ್ಟ್ರದಲ್ಲಿ ಭೀಮಗೀತೆ ಬರೆದ ವಾಮನದಾದಾ ಕರ್ಡಕ್ ಕೂಡ ಕೊನೇ ನುಡಿಯಲ್ಲಿ ‘ವಾಮನ’ ಅಂತ ಸೇರಿಸ್ತಿದ್ರು. ಅಂಥ ಹಾಡನ್ನು ಯಾರು ಎಲ್ಲಿ ಡೌನ್‌ಲೋಡ್ ಮಾಡಿಕೊಂಡರೂ ಹೆಸರು ಕೀಳೋಕಾಗಲ್ಲ, ಕಿತ್ತರೆ ಪ್ರಾಸ ಬೀಳುತ್ತೆ. ನಮ್ಮ ಕನ್ನಡದ ಹೋರಾಟದ ಕವಿಗಳು ಮಾತ್ರ ಹೀಗೆ ಮಾಡಲಿಲ್ಲ. ಹಾಡು ಎಲ್ಲರದ್ದು, ‘ನಾನು’ ಅನ್ನೋದು ಬೇಡ ಅಂದ್ರು. ದೊಡ್ಡ ಮಾತು. ನಾನೂ ಆ ಮಾತಿಗೆ ಕೈ ಮುಗೀತೀನಿ. ಆದ್ರೆ ಎಲ್ಲರದ್ದು ಅಂತ ನಾವು ಬಿಟ್ಟುಕೊಟ್ಟದ್ದನ್ನ ಲೋಕ ಯಾರದ್ದೂ ಅಲ್ಲ ಅಂತ ಬರ್ಕೊಂಡುಬಿಡ್ತು.

ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ನಮ್ಮ ಹರಿಹರದವರು. 1938ರಲ್ಲಿ ಹುಟ್ಟಿದವರು, 1997ರ ಏಪ್ರಿಲ್ 30ರಂದು ಹೋದವರು. ದಾವಣಗೆರೆ ಜಿಲ್ಲೆಯಾಗಿದ್ದು ಅದೇ ವರ್ಷ ಆಗಸ್ಟ್‌ನಲ್ಲಿ. ಅವರು ಇರೋತನಕ ಹರಿಹರ ಇನ್ನೂ ಚಿತ್ರದುರ್ಗಕ್ಕೆ ಸೇರಿತ್ತು. ಅವರು ಪಾಠ ಮಾಡ್ತಿದ್ದ ಭದ್ರಾವತಿಯಿಂದ ಶುರುವಾದ ಚಳವಳಿ ಹಳ್ಳಿಹಳ್ಳಿಗೆ ಮುಟ್ಟಿದ್ದು ಭಾಷಣದಿಂದ ಎಷ್ಟೋ, ಹಾಡಿನಿಂದ ಅದರ ಎರಡರಷ್ಟು. ಜನಾರ್ಧನ್ ಜನ್ನಿ, ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್ ಇಂಥವರ ದನಿ ಕೇಳಿಯೇ ಎಷ್ಟು ಜನ ಸಂಘಟನೆಗೆ ಬಂದ್ರು ಅಂತ ಹಿರಿಯರನ್ನು ಕೇಳಿ ನೋಡಿ. ಓದು ಬಾರದವರಿಗೆ ಹಾಡೇ ಪುಸ್ತಕ, ಹಾಡೇ ಪೇಪರ್. ಮೊದಲು ಬಾಯಿಂದ ಬಾಯಿಗೆ, ಆಮೇಲೆ ಒಂದೆರಡು ರೂಪಾಯಿಯ ಪುಟಾಣಿ ಹಾಡಿನ ಪುಸ್ತಕ, ಅದರ ಹಿಂದೆಯೇ ಕ್ಯಾಸೆಟ್.

ಕ್ಯಾಸೆಟ್ ಬಂದದ್ದು ನಮ್ಮ ಪುಣ್ಯ. ಅದಕ್ಕೂ ಮುಂಚೆ ಏಳು ದಶಕದ ಹತ್ತಿರ ಇಡೀ ದೇಶದ ಧ್ವನಿಮುದ್ರಣ ಹೆಚ್ಚೂಕಡಿಮೆ ಎಚ್‌ಎಂವಿ ಒಂದೇ ಕಂಪನಿಯ ಮುಷ್ಟಿಯಲ್ಲಿತ್ತು. ಪ್ಲೇಟು ಒತ್ತೋಕೆ ಕಾರ್ಖಾನೆ ಬೇಕು, ಲಕ್ಷಗಟ್ಟಲೆ ಬಂಡವಾಳ ಬೇಕು. ಹೊಲಗೇರಿಯ ಹಾಡಿಗೆ ಯಾರು ಹಾಕ್ತಾರೆ? ಫಿಲಿಪ್ಸ್‌ನವರು 1963ರಲ್ಲಿ ಹೊರತಂದ ಈ ಅಂಗೈಯಗಲದ ಡಬ್ಬಿ ನಮ್ಮ ದೇಶದಲ್ಲಿ ಹಬ್ಬಿದ್ದು 1980ರ ಆಸುಪಾಸಿನಲ್ಲಿ, ಆಮದು ನಿಯಮ ಸಡಿಲ ಆದ ಮೇಲೆ. ಪೀಟರ್ ಮ್ಯಾನುಯೆಲ್ ಅನ್ನೋ ಅಮೆರಿಕದ ವಿದ್ವಾಂಸರು 1993ರಲ್ಲಿ ‘ಕ್ಯಾಸೆಟ್ ಕಲ್ಚರ್’ ಅಂತ ಇದರ ಮೇಲೇ ಪುಸ್ತಕ ಬರೆದ್ರು. ದೊಡ್ಡ ಕಂಪನಿಗಳ ಏಕಸ್ವಾಮ್ಯ ಮುರಿದು ಪ್ರಾಂತ್ಯದ, ಸಣ್ಣ ಸಮುದಾಯದ ಸಂಗೀತಕ್ಕೆ ಬಾಗಿಲು ತೆರೆದದ್ದು ಕ್ಯಾಸೆಟ್ ಅನ್ನೋದು ಅವರ ವಾದದ ತಿರುಳು.

ಬಾಗಿಲು ತೆರೀತು, ನಿಜ. ಆದ್ರೆ ಒಳಗೆ ಹೋದ ಎಲ್ಲರಿಗೂ ಒಂದೇ ಥರದ ಕುರ್ಚಿ ಇರಲಿಲ್ಲ. ಕವರ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತೆ. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅಂತ ಎಲ್ಲರೂ ಹೇಳೋದು 1978ರ ‘ನಿತ್ಯೋತ್ಸವ’ವನ್ನು. ನಿಸಾರ್ ಅಹಮದ್ ಅವರ ಕವಿತೆ, ಮೈಸೂರು ಅನಂತಸ್ವಾಮಿಯವರ ಸಂಗೀತ. ಪುಸ್ತಕ ಕೊಂಡು ಓದದ ಮನೆಗಳಿಗೂ ಕವಿಯ ಹೆಸರು ಹೋಗಿದ್ದು ಇಂಥ ಕ್ಯಾಸೆಟ್ಟುಗಳಿಂದ. ಒಳ್ಳೇದೇ ಆಯ್ತು, ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಅದೇ ಅಂಗಡಿಯ ಇನ್ನೊಂದು ಸಾಲಲ್ಲಿದ್ದ ಜಾನಪದ ಕ್ಯಾಸೆಟ್ ತೆಗೆದು ನೋಡಿ. ‘ಸಾಹಿತ್ಯ: ಜಾನಪದ’. ‘ಸಂಗ್ರಹ’ ಅಂತ ಇನ್ಯಾರದೋ ಹೆಸರು, ಹಿಂದೆ ಮುಂದೆ ಡಿಗ್ರಿ ಸಮೇತ. ವಾದ್ಯದವರಿಗೆ ‘ವಾದ್ಯವೃಂದ’ ಅಥವಾ ‘ಮತ್ತು ಸಂಗಡಿಗರು’. ಗದ್ದೆಯಲ್ಲಿ ಆ ಹಾಡು ಹಾಡಿ ಕೊಟ್ಟ ಅಜ್ಜಿಗೆ ಒಂದು ಹೆಸರಿತ್ತು, ಒಂದು ಊರಿತ್ತು, ಆ ಊರಿನಾಚೆ ಒಂದು ಕೇರಿಯೂ ಇತ್ತು. ‘ಜಾನಪದ’ ಅನ್ನೋ ಒಂದೇ ಪದದಲ್ಲಿ ಮೂರೂ ಅಳಿಸಿಹೋಯ್ತು.

ಹೆಸರು ಬಿದ್ದ ಕಡೆ ಏನಾಯ್ತು ಅನ್ನೋದಕ್ಕೆ ಮಳವಳ್ಳಿ ಮಹದೇವಸ್ವಾಮಿಯವರೇ ಸಾಕು. ಮಂಟೇಸ್ವಾಮಿ ಕಥೆ, ಮಾದಪ್ಪನ ಕಥೆ ಎಷ್ಟು ತಲೆಮಾರು ಎಷ್ಟು ಜನ ಹಾಡಿದ್ರೋ. ಕ್ಯಾಸೆಟ್ಟಿನ ಮೇಲೆ ಇವರ ಹೆಸರು ಬಂತು, ಮೈಸೂರು ಮಂಡ್ಯ ಸೀಮೆಯಲ್ಲಿ ಮಹದೇವಸ್ವಾಮಿ ಕ್ಯಾಸೆಟ್ ಅಂತಲೇ ಜನ ಕೇಳಿ ಕೊಂಡ್ರು. ಕಥೆ ಹಳೇದು, ಆದರೆ ಕವರ್ ಮೇಲಿನ ಹೆಸರು ಒಬ್ಬ ಮನುಷ್ಯನದ್ದು.

ನಾನು ಗುಮಾಸ್ತ, ಕಾಯಿದೆ ನೋಡದೆ ಬಿಡೋನಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಗೆ 1984ರಲ್ಲಿ 52ಎ ಅಂತ ಒಂದು ಕಲಂ ಸೇರಿಸಿದ್ರು. ಕಳ್ಳ ಕ್ಯಾಸೆಟ್ ಹಾವಳಿ ತಡೆಯೋಕೆ. ಧ್ವನಿಮುದ್ರಣದ ಮೇಲೂ, ಅದನ್ನಿಟ್ಟ ಡಬ್ಬಿಯ ಮೇಲೂ ಮೂರು ವಿವರ ಇರಲೇಬೇಕು: ಮುದ್ರಣ ಮಾಡಿದವರ ಹೆಸರು ವಿಳಾಸ, ಹಕ್ಕುದಾರರ ಹೆಸರು ವಿಳಾಸ, ಮೊದಲು ಹೊರಬಂದ ವರ್ಷ. ಗಮನಿಸಿದ್ರಾ? ಕಂಪನಿ ಬಂತು, ಮಾಲೀಕ ಬಂದ, ಇಸವಿ ಬಂತು. ಹಾಡಿದವರು ಆ ಪಟ್ಟಿಯಲ್ಲಿ ಇಲ್ಲ. ಬಾರಿಸಿದವರಂತೂ ಇಲ್ಲವೇ ಇಲ್ಲ. ಕಲಾವಿದರಿಗೂ ಒಂದು ಹಕ್ಕಿದೆ ಅಂತ ಕಾಯಿದೆ ಒಪ್ಪಿದ್ದು 1994ರ ತಿದ್ದುಪಡಿಯಲ್ಲಿ, ಅವರನ್ನು ಅವರ ಹೆಸರಿಂದಲೇ ಗುರುತಿಸಬೇಕು ಅಂತ 38ಬಿ ಕಲಂ ಬಂದದ್ದು 2012ರಲ್ಲಿ. ಅಷ್ಟು ಹೊತ್ತಿಗೆ ಕ್ಯಾಸೆಟ್ಟೂ ಇಲ್ಲ, ಡಬ್ಬಿಯೂ ಇಲ್ಲ, ಹೆಸರು ಬರೆಯೋಕೆ ಕಾಗದವೂ ಇಲ್ಲ!

ಈಗ ದೊಡ್ಡಪ್ಪನ ವಿಷಯ.

ನಮ್ಮ ದೊಡ್ಡಪ್ಪ ಹರಿಹರ ತಾಲ್ಲೂಕಿನ ಹಳ್ಳಿಯವರು. ಹಲಗೆ ಬಾರಿಸ್ತಿದ್ರು. ದಕ್ಷಿಣದ ಕಡೆಯವರು ತಮಟೆ ಅಂತಾರಲ್ಲ, ಅದೇ ಕುಲದ ವಾದ್ಯ. ಹಲಗೆ ಅಂದ್ರೆ ಆಗ ಕಲೆ ಅಲ್ಲ, ಬಿಟ್ಟಿ ಚಾಕರಿ. ಊರಲ್ಲಿ ಹೆಣ ಬಿದ್ರೆ ಬಾ, ಜಾತ್ರೆ ಆದ್ರೆ ಬಾ, ಡಂಗುರ ಸಾರೋದಿದ್ರೆ ಬಾ. ಕೂಲಿ ಕೇಳಿದ್ರೆ ಮಿಕ್ಕಿದ್ದು ಮುಸುರೆ. ಸಂಘಟನೆ ಬಂದು ‘ಹಲಗೆ ಕೆಳಗಿಡಿ’ ಅಂದಾಗ ದೊಡ್ಡಪ್ಪ ಇಟ್ಟೇಬಿಟ್ರು. ಊರಲ್ಲಿ ಜಗಳ ಆಯ್ತು, ಕೆಲಸಕ್ಕೆ ಕರೆಯೋದು ನಿಂತುಹೋಯ್ತು, ದಾವಣಗೆರೆಗೆ ಬಂದು ಹತ್ತಿ ಮಿಲ್ಲೊಂದರಲ್ಲಿ ಬದಲಿ ಕೆಲಸಕ್ಕೆ ಸೇರಿದ್ರು. ನಾಲ್ಕೈದು ವರ್ಷ ಹಲಗೆ ಮುಟ್ಟಲಿಲ್ಲ. ಆಮೇಲೆ ಅದೇ ಸಂಘಟನೆಯ ಮೆರವಣಿಗೆಗೆ ಹಲಗೆ ಬೇಕು ಅಂತ ಗೆಳೆಯರು ಬಂದ್ರು. ಹಲಗೆ ಬಿಡೋದೇ ಸ್ವಾಭಿಮಾನ ಅನ್ನೋರೂ, ಹಲಗೆಯನ್ನೇ ಸ್ವಾಭಿಮಾನ ಮಾಡ್ಬೇಕು ಅನ್ನೋರೂ ನಮ್ಮಲ್ಲಿ ಇದ್ರು, ಈಗಲೂ ಇದ್ದಾರೆ. ದೊಡ್ಡಪ್ಪ ಹೇಳೋದು ಒಂದೇ ಮಾತು: ‘ಹೆಣದ ಮುಂದ ಬಾರಿಸಿದ್ದ ಹಲಗಿನೂ ಅದೇ, ಅಂಬೇಡ್ಕರ್ ಫೋಟೋ ಮುಂದ ಬಾರಿಸಿದ್ದೂ ಅದೇ. ಕೈ ಮಾತ್ರ ಬ್ಯಾರೆ ಆಗಿತ್ತಪ್ಪ.’

1991, ಬಾಬಾಸಾಹೇಬರ ಜನ್ಮಶತಾಬ್ದಿಯ ವರ್ಷ. ನಾನಾಗ ಹೈಸ್ಕೂಲಿಗೆ ಕಾಲಿಟ್ಟ ಹುಡುಗ. ನಮ್ಮ ಕಡೆಯ ಹಾಡುಗಾರರ ಒಂದು ತಂಡ ತಮ್ಮತಮ್ಮಲ್ಲೇ ಚಂದಾ ಎತ್ತಿ ಹತ್ತು ಹಾಡಿನ ಕ್ಯಾಸೆಟ್ ಮಾಡಿಸ್ತು. ದೊಡ್ಡಪ್ಪ ಮಿಲ್ಲಿಗೆ ಎರಡು ದಿನ ರಜೆ ಹಾಕಿ ಹೋದ್ರು. ಸಣ್ಣ ಸ್ಟುಡಿಯೋ, ಗೋಡೆಗೆಲ್ಲ ಗೋಣಿಚೀಲ. ಹಲಗೆ ಸದ್ದಿಗೆ ಮೈಕಿನ ಮುಳ್ಳು ಹಾರಿಹೋಗುತ್ತೆ ಅಂತ ಅವರನ್ನು ಬಾಗಿಲಾಚೆ ಪಡಸಾಲೆಯಲ್ಲಿ ನಿಲ್ಲಿಸಿ ಬಾರಿಸಿದ್ರಂತೆ. ‘ಅಲ್ಲೂ ಹೊರಗ ನಿಂದ್ರಿಸಿದ್ರು ನೋಡು’ ಅಂತ ಈಗಲೂ ಹೇಳಿ ನಗ್ತಾರೆ. ಆದ್ರೆ ಆ ಸ್ಟುಡಿಯೋದವನ ತಪ್ಪೇನಿಲ್ಲ, ಹಲಗೆ ಸದ್ದು ಹಾಗೇ ಇರುತ್ತೆ.

ಕ್ಯಾಸೆಟ್ ಬಂತು. ಮುಂದೆ ನೀಲಿ ಒಂದೇ ಬಣ್ಣದಲ್ಲಿ ಬಾಬಾಸಾಹೇಬರ ಚಿತ್ರ, ಬೆಲೆ 25 ರೂಪಾಯಿ. ಒಳಗೆ ತಂಡದ ಎಲ್ಲರ ಹೆಸರು. ಹಾರ್ಮೋನಿಯಂ ಇಂಥವರು, ಡೋಲಕ್ ಇಂಥವರು, ಹಲಗೆ ಇಂಥವರು. ‘ಮತ್ತು ಸಂಗಡಿಗರು’ ಅನ್ನೋ ಮಾತೇ ಇಲ್ಲ. ಕವರ್ ಬರೆದವರು ಯಾರೋ ತಿಳಿದವರೇ ಇರಬೇಕು.

ಅದಾದ ಮೇಲಿನ ಕಥೆ ನಿಮ್ಮ ಮನೆಯಲ್ಲೂ ಇರುತ್ತೆ. ನಮ್ಮ ಕ್ಯಾಸೆಟ್ಟನ್ನು ಯಾರೋ ಕೇಳಿ ಕೊಡ್ತೀನಿ ಅಂತ ಒಯ್ದವರು ವಾಪಸ್ ಕೊಡೋವಾಗ ಬರೀ ಸುರುಳಿ ಕೊಟ್ರು, ಡಬ್ಬಿ ಇಲ್ಲ, ಕವರ್ ಇಲ್ಲ. ಎರಡು ಡೆಕ್ ಇರೋ ಟೇಪ್ ರೆಕಾರ್ಡರಿನಲ್ಲಿ ಅದರ ಕಾಪಿ, ಕಾಪಿಯ ಕಾಪಿ ಹುಟ್ಟಿದ್ವು. ಅದರ ಮೇಲೆ ಬಾಲ್‌ಪೆನ್ನಲ್ಲಿ ‘ಡಿಎಸ್‌ಎಸ್ ಹಾಡು’ ಅಂತ ಎರಡೇ ಪದ. ಹಾಗಾಗಿ ಹೆಸರು ಕಳೆದದ್ದು ಇಂಟರ್‌ನೆಟ್ಟಿನಿಂದಲೇ ಅಂತ ನಾನು ಹೇಳೋದಿಲ್ಲ. ಅರ್ಧ ನಾವೇ ಕಳೆದ್ವಿ. ನಮ್ಮ ಮನೆಗಳಲ್ಲಿ ಕಾಗದ ಉಳಿಯೋದೂ ಕಷ್ಟ. ಸೋರೋ ಹಂಚು, ಗೆದ್ದಲು, ಇಲಿ, ವರ್ಷಕ್ಕೊಂದು ಬಾಡಿಗೆ ಮನೆ. ಹೊಳೆ ದಂಡೆಯ ಕೇರಿಯಾದರೆ ತುಂಗಭದ್ರೆ ತುಂಬಿದಾಗ ಮಕ್ಕಳನ್ನು ಎತ್ಕೊಂಡು ಓಡೋದಾ, ಕ್ಯಾಸೆಟ್ ಕವರ್ ಎತ್ಕೊಂಡು ಓಡೋದಾ? ಅಜ್ಜನ ಕಾಲದ ಬೀರು ಇರೋರ ಮನೆಯಲ್ಲಿ ಇತಿಹಾಸ ತಾನಾಗೇ ಉಳಿಯುತ್ತೆ.

2000ದ ನಂತರ ಎಂಪಿತ್ರೀ ಸಿಡಿ ಬಂದ್ವು. ಒಂದು ಸಿಡಿಯಲ್ಲಿ ನೂರೈವತ್ತು ಹಾಡು, ಕವರ್ ಮೇಲೆ ಹಾಡಿಗೆ ಸಂಬಂಧವೇ ಇಲ್ಲದ ಸಿನಿಮಾ ಹೀರೋಯಿನ್ ಫೋಟೋ. ಆಮೇಲೆ ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿ ಕೊಡೋ ಕಾಲ. ದಾವಣಗೆರೆ ಬಸ್‌ಸ್ಟ್ಯಾಂಡಿನ ಸುತ್ತ ಎಷ್ಟು ಅಂಗಡಿ ಇದ್ವು! ಇಪ್ಪತ್ತು ರೂಪಾಯಿ ಕೊಟ್ರೆ ಕಾರ್ಡ್ ತುಂಬ. ‘ಭೀಮಗೀತೆ ಹಾಕಪ್ಪ’ ಅಂದ್ರೆ ಟ್ರ್ಯಾಕ್ ಒಂದು, ಟ್ರ್ಯಾಕ್ ಎರಡು ಅಂತ ಬರೋವು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ಆ ಅಂಗಡಿಗಳೂ ಹೋದ್ವು. ಒಂದು ಮಾತು ಹೇಳ್ತೀನಿ, ತಪ್ಪು ಯಂತ್ರದ್ದಲ್ಲ. ಎಂಪಿತ್ರೀ ಫೈಲಿನೊಳಗೇ ಹಾಡಿದವರ ಹೆಸರು, ಬರೆದವರ ಹೆಸರು, ವರ್ಷ ಬರೆಯೋಕೆ ಜಾಗ ಮಾಡಿಟ್ಟಿದ್ದಾರೆ, ಚಿತ್ರವನ್ನೂ ಸೇರಿಸಬಹುದು. ಆ ಜಾಗದಲ್ಲಿ ಏನಿತ್ತು ಅಂದ್ರೆ ಪುಕ್ಕಟೆ ಡೌನ್‌ಲೋಡ್ ಕೊಡೋ ವೆಬ್‌ಸೈಟಿನ ಹೆಸರು. ಹಾಡುಗಾರನ ಮನೆ ಬಾಗಿಲಿಗೆ ಕಳ್ಳ ತನ್ನ ನೇಮ್‌ಪ್ಲೇಟ್ ಹಾಕ್ಕೊಂಡ ಹಾಗೆ.

ಇರಲಿ. ಮಿಲ್ಲು ಮುಚ್ಚಿ ದೊಡ್ಡಪ್ಪ ಕೂಲಿ ನಾಲಿ ಮಾಡಿ ಈಗ ಎಪ್ಪತ್ತು ದಾಟಿದ್ದಾರೆ. ವಯಸ್ಸಾದ ಕಲಾವಿದರಿಗೆ ಸರ್ಕಾರ ಕೊಡೋ ಮಾಸಾಶನಕ್ಕೆ ನಾನೇ ಅರ್ಜಿ ಬರೆದೆ. ಹೋದ ಕಚೇರಿಯಲ್ಲಿ ಮೇಜಿನಾಚೆ ಕೂತವರು ‘ಕಲಾವಿದರು ಅನ್ನೋದಕ್ಕೆ ದಾಖಲೆ ಕೊಡಿ’ ಅಂದ್ರು. ಪ್ರಮಾಣಪತ್ರ, ಕರಪತ್ರ, ಪೇಪರ್ ಕಟಿಂಗ್, ಏನಾದರೂ. ದೊಡ್ಡಪ್ಪನ ಹತ್ತಿರ ಇದ್ದದ್ದು ಎರಡು ಕೈ. ನಾನು ಮೊಬೈಲಿನಲ್ಲಿ ಆ ಹಾಡು ಹಾಕಿದೆ. ‘ನೋಡಿ ಸಾರ್, ಈ ಹಲಗೆ ಇವರದ್ದೇ.’ ಅವರು ಕೇಳಿದ್ರು, ಪೂರ್ತಿ ಕೇಳಿದ್ರು, ತಾಳಕ್ಕೆ ಪೆನ್ನನ್ನೂ ಕುಟ್ಟಿದ್ರು. ಆಮೇಲೆ ‘ಇದರಲ್ಲಿ ಇವರ ಹೆಸರೆಲ್ಲಿದೆ?’ ಅಂದ್ರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಆ ಕುರ್ಚಿಯಲ್ಲಿ ನಾನಿದ್ರೂ ಅದನ್ನೇ ಕೇಳ್ತಿದ್ದೆ. ಇಪ್ಪತ್ತು ವರ್ಷದಿಂದ ಎಷ್ಟು ಜನಕ್ಕೆ ಹಾಗೆ ಕೇಳಿ ವಾಪಸ್ ಕಳಿಸಿದ್ದೀನೋ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ.

ಇಲ್ಲಿ ನನಗೆ ಸಾಲೊಮನ್ ಲಿಂಡಾ ನೆನಪಾಗ್ತಾನೆ. ದಕ್ಷಿಣ ಆಫ್ರಿಕಾದ ಜುಲು ಹಾಡುಗಾರ. 1939ರಲ್ಲಿ ‘ಎಂಬೂಬೆ’ ಅಂತ ಹಾಡು ರೆಕಾರ್ಡ್ ಮಾಡಿದ. ಅದೇ ರೆಕಾರ್ಡ್ ಕಂಪನಿಯಲ್ಲಿ ಅವನದ್ದು ಪ್ಯಾಕಿಂಗ್ ಕೆಲಸ. ಬೇರೆಯವರ ಹಾಡಿಗೆ ಹೊದಿಕೆ ಹಾಕೋ ಕೈ ಅದು. ಹಾಡಿನ ಹಕ್ಕನ್ನು 10 ಶಿಲ್ಲಿಂಗ್‌ಗೆ ಬರೆಸಿಕೊಂಡ್ರು. ಪ್ಲೇಟಿನ ಚೀಟಿಯಲ್ಲಿ ಅವನ ಹೆಸರಿನ ತಂಡ ಇತ್ತು. ಅದು ಅಮೆರಿಕಕ್ಕೆ ಹೋಗಿ ಬೇರೆಯವರ ಬಾಯಿಗೆ ಬಿದ್ದಾಗ ಚೀಟಿಯಲ್ಲಿ ‘ಪಾಲ್ ಕ್ಯಾಂಪ್‌ಬೆಲ್’ ಅಂತ ಬಂತು. ಆ ಹೆಸರಿನ ಮನುಷ್ಯನೇ ಇರಲಿಲ್ಲ, ಅದೊಂದು ಸುಳ್ಳು ಹೆಸರು! ಲಿಂಡಾ 1962ರಲ್ಲಿ ಬಡವನಾಗೇ ಸತ್ತ. 1994ರ ‘ಲಯನ್ ಕಿಂಗ್’ ಸಿನಿಮಾದಲ್ಲೂ ಆ ಹಾಡು ಬಂತು. ಹೆಣ್ಣುಮಕ್ಕಳು ಕೇಸ್ ಹಾಕಿ 2006ರಲ್ಲಿ ರಾಜಿಯಾಗಿ ಸ್ವಲ್ಪ ಪಾಲು ಸಿಕ್ಕಿತು. ದಾರಿ ಮಾಡಿಕೊಟ್ಟದ್ದು 1911ರ ಬ್ರಿಟಿಷ್ ಕಾಯಿದೆಯ ಒಂದು ಕಲಂ. ಕಾಯಿದೆ ಹುಡುಕಬಹುದು ಬಂಧುಗಳೇ. ಆದರೆ ಹಾಡು ಯಾರದ್ದು ಅನ್ನೋದೇ ಗೊತ್ತಿಲ್ಲದಿದ್ದರೆ ಯಾವ ಕಾಯಿದೆ ಹುಡುಕ್ತೀರಿ?

ಮೂರು ತಿಂಗಳು ಕವರ್ ಹುಡುಕಿದೆ. ತಂಡದಲ್ಲಿದ್ದ ಹಾರ್ಮೋನಿಯಂನವರು ಹೋಗಿಬಿಟ್ಟಿದ್ರು, ಅವರ ಮನೆಯವರು ಎಲ್ಲ ಗುಜರಿಗೆ ಹಾಕಿದ್ರು. ದಾವಣಗೆರೆಯ ಹಳೇ ಕ್ಯಾಸೆಟ್ ಅಂಗಡಿಗಳ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರ್ತಾರೆ. ಕೊನೆಗೆ ಹರಿಹರದಲ್ಲಿ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡ್ತಿದ್ದ ಒಬ್ಬ ಸಾಬರ ಅಂಗಡಿಗೆ ಹೋದೆ. ಕಣ್ಣು ಮಂಜಾಗಿದೆ, ಆದರೂ ದಿನಾ ಬಾಗಿಲು ತೆಗೀತಾರೆ. ಗೋಡೆ ತುಂಬ ಕ್ಯಾಸೆಟ್ ಡಬ್ಬಿ. ಒಳಗೆ ಕ್ಯಾಸೆಟ್ ಇಲ್ಲ, ಒಂದರಲ್ಲಿ ಸ್ಕ್ರೂ, ಒಂದರಲ್ಲಿ ಬೆಲ್ಟು, ಒಂದರಲ್ಲಿ ಹಳೇ ಬಲ್ಬು. ಕವರ್ ಮಾತ್ರ ಹಾಗೇ ಇವೆ. ‘ಕವರ್ ತೆಗೆದ್ರೆ ಯಾವುದರಾಗೆ ಏನೈತಿ ಅಂತ ಗೊತ್ತಾಗಲ್ಲ ತಮ್ಮಾ. ರಾಜಕುಮಾರ್ ಡಬ್ಬೀಲಿ ಸ್ಕ್ರೂ, ಅಶ್ವಥ್ ಡಬ್ಬೀಲಿ ಬೆಲ್ಟು, ಹಂಗೆ ನೆನಪಿಟ್ಕೊಂಡೀನಿ’ ಅಂದ್ರು. ಬಾಬಾಸಾಹೇಬರ ನೀಲಿ ಡಬ್ಬಿಯಲ್ಲಿ ಫ್ಯೂಸ್ ಇದ್ವು. ನಾನು ದುಡ್ಡು ಕೊಡೋಕೆ ಹೋದೆ, ತಗೊಳ್ಳಲಿಲ್ಲ. ಬದಲಿಗೆ ಫ್ಯೂಸ್ ಹಾಕೋಕೆ ಒಂದು ಖಾಲಿ ಡಬ್ಬಿ ಕೇಳಿದ್ರು. ಮಾರನೇ ದಿನ ಮಗಳ ಪೆನ್ಸಿಲ್ ಬಾಕ್ಸ್ ಒಯ್ದು ಕೊಟ್ಟೆ.

ಕವರ್ ತಂದು ದೊಡ್ಡಪ್ಪನ ಮುಂದೆ ಬಿಚ್ಚಿದೆ. ಅವರಿಗೆ ಓದೋಕೆ ಬರಲ್ಲ, ತಮ್ಮ ಹೆಸರಿನ ರೂಪ ಮಾತ್ರ ಗುರ್ತಿದೆ, ಸಹಿ ಮಾಡೋಕೆ ಕಲಿತದ್ದು. ಬೆರಳಿಟ್ಟು ಹುಡುಕಿದ್ರು. ‘ಇದು ನನ್ನ ಹೆಸರಲ್ಲ’ ಅಂದ್ರು. ‘ನನ್ನದು ಗಿಡ್ಡ ಐತಿ. ಇದು ಉದ್ದ ಐತಿ.’

ನೋಡಿದ್ರೆ ಅವರದ್ದೇ. ಕವರ್‌ನಲ್ಲಿ ಹೆಸರಿನ ಕೊನೆಗೆ ‘ಅಪ್ಪ’ ಇತ್ತು. ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಊರೊಳಗಿನ ಹನುಮಂತಪ್ಪ ಕೇರಿಯಲ್ಲಿ ಹುಟ್ಟಿದ್ರೆ ಬರೀ ‘ಹನುಮ’, ದುರುಗಪ್ಪ ಬರೀ ‘ದುರುಗ’. ಕರೆಯೋರು ಹಾಗೆ ಕರೆದ್ರು, ಬರೆಯೋರು ಹಾಗೆ ಬರೆದ್ರು. ಮತದಾರರ ಪಟ್ಟಿ, ರೇಷನ್ ಕಾರ್ಡ್, ಕೊನೆಗೆ ಆಧಾರ್ ತನಕ ದೊಡ್ಡಪ್ಪ ಗಿಡ್ಡ ಹೆಸರಲ್ಲೇ ಬದುಕಿದ್ರು. ಅವರ ಜೀವಮಾನದಲ್ಲಿ ಅಚ್ಚಾದ ಅಕ್ಷರದಲ್ಲಿ ‘ಅಪ್ಪ’ ಬಂದದ್ದು ಒಂದೇ ಕಡೆ, ಆ 25 ರೂಪಾಯಿ ಕ್ಯಾಸೆಟ್ಟಿನ ಕವರ್‌ನಲ್ಲಿ. ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದ್ರು. ಓದಿದೆ.

ಕಚೇರಿಗೆ ಕೊಟ್ಟಿದ್ದೀನಿ. ಈಗ ಹೊಸ ತಕರಾರು: ಆಧಾರ್‌ನಲ್ಲಿರೋ ಹೆಸರು, ಕವರ್‌ನಲ್ಲಿರೋ ಹೆಸರು ಬೇರೆ ಬೇರೆ, ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಬೇಕು. ನೋಟರಿ ಹತ್ತಿರ ಕೂತು ನಾನೇ ಬರೆಸಿದೆ. ಟೈಪಿಸ್ಟ್ ‘ಇವರನ್ನು ಅಪ್ಪ ಸೇರಿಸಿಯೂ ಅಪ್ಪ ಇಲ್ಲದೆಯೂ ಕರೆಯಲಾಗುತ್ತದೆ ಅಂತ ಹಾಕ್ಲಾ?’ ಅಂದ. ‘ಕರೆಯಲಾಗುತ್ತಿತ್ತು ಅಂತ ಹಾಕು’ ಅಂದೆ. ಅದು ಕಾನೂನು ಭಾಷೆ ಆಗಲ್ಲ ಸಾರ್ ಅಂದ. ಆಗದಿದ್ರೂ ಹಾಕಿಸಿದ್ದೀನಿ. ದೊಡ್ಡಪ್ಪನ ಪೂರ್ತಿ ಹೆಸರು, ಕವರ್‌ನ ಫೋಟೋ ಇಲ್ಲೇ ಹಾಕ್ತಿದ್ದೆ, ಆದರೆ ಮಂಜೂರಾಗೋ ತನಕ ಫೇಸ್‌ಬುಕ್‌ನಾಗೆ ಹಾಕಬ್ಯಾಡ ಅಂತ ಅವರೇ ಅಂದಿದ್ದಾರೆ. ಮಂಜೂರಾದ ದಿನ ಹಾಕ್ತೀನಿ.

ಅಲ್ಲಿತನಕ ನಿಮ್ಮಲ್ಲಿ ಒಂದು ಕೆಲಸ ಕೇಳ್ತೀನಿ. ಹೋರಾಟದ ಹಾಡು, ಭೀಮಗೀತೆ, ಜಾನಪದ, ತತ್ವಪದ, ಸಣ್ಣ ಕಂಪನಿಯದ್ದು, ಊರಿನ ತಂಡದ್ದು, ಯಾವ ಕ್ಯಾಸೆಟ್ ಕವರ್ ಸಿಕ್ಕರೂ ಎಸೀಬೇಡಿ. ಸುರುಳಿ ಹಾಳಾಗಿದ್ರೂ ಪರವಾಗಿಲ್ಲ. ಬಿಸಿಲಲ್ಲಿ ಅಲ್ಲ, ನೆರಳಲ್ಲಿ ಬಿಚ್ಚಿಟ್ಟು ಎರಡೂ ಬದಿ ಫೋಟೋ ತೆಗೀರಿ, ಮಡಿಕೆಯೊಳಗಿನ ಸಣ್ಣ ಅಕ್ಷರ ಬಿಡಬೇಡಿ, ಅಲ್ಲೇ ಹಲಗೆಯವರು, ಡೋಲಕ್‌ನವರು, ಕೋರಸ್‌ನವರು ಇರ್ತಾರೆ. ಮೆಸೇಜ್‌ಗೆ ಕಳಿಸಿ. ಇದುವರೆಗೆ 43 ಕವರ್ ಆಗಿವೆ, ಹೆಸರುಗಳನ್ನು ಒಂದು ರಿಜಿಸ್ಟರಿನಲ್ಲಿ ಬರೀತಿದ್ದೀನಿ, ಊರಿನ ಸಮೇತ. ಹಾಡು ಅಪ್‌ಲೋಡ್ ಮಾಡಿದ ಹುಡುಗರಿಗೆ ಬೈಬೇಡಿ, ಹೆಸರು ಕಳಿಸಿ, ಕೆಳಗೆ ಸೇರಿಸು ತಮ್ಮಾ ಅನ್ನಿ. ಆ ಪಿಯುಸಿ ಹುಡುಗ ನನ್ನ ಮಾತು ಕೇಳಿ ಆ ಚಾನೆಲ್‌ನವರಿಗೆ ಬರೆದಿದ್ದಾನೆ, ಉತ್ತರ ಬಂದಿಲ್ಲ. ಮುಂದಿನ ಭಾನುವಾರ ಅವನು ದೊಡ್ಡಪ್ಪನ ಹತ್ತಿರ ಹಲಗೆ ಕಲಿಯೋಕೆ ಹರಿಹರಕ್ಕೆ ಬರ್ತಾನೆ. ಹಲಗೆ ನಮ್ಮ ಹತ್ತಿರ ಇಲ್ಲ, ಯಾರಾದರೂ ಒಂದು ಕೊಡೋರಿದ್ರೆ ತಿಳಿಸಿ.